ಕೆಡುತ್ತಿರುವ ಹಾರ್ಡ್ ಡಿಸ್ಕ್‌ನಿಂದ ಯಕ್ಷಗಾನದ ಆಟದ ರೆಕಾರ್ಡಿಂಗ್ ತೆಗೆಯೋದು: ನನ್ನ ಅನುಭವ

ಹೊನ್ನಾವರದಿಂದ ನೀವು ಕೇಳಿದ್ದು ಇಷ್ಟು: 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಯಕ್ಷಗಾನದ ಹಳೇ ವಿಡಿಯೋಗಳಿವೆ. ಗುಡುಗು ಸಿಡಿಲಿನ ರಾತ್ರಿ ಕರೆಂಟ್ ಹೋದ ಮೇಲೆ ಅದು ತೆರೆಯುತ್ತಿಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳುತ್ತಿದೆ. ವಿಂಡೋಸ್‌ನದೇ ಡಿಸ್ಕ್ ಸರಿಮಾಡುವ ಪ್ರೋಗ್ರಾಮ್ ಚೆಕ್‌ಡಿಸ್ಕ್ ಓಡಿಸಬಹುದಾ?

ದಯವಿಟ್ಟು ಬೇಡ. ಶಿರಸಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ, ಮಳೆಗಾಲದಲ್ಲಿ ಇಂಥ ಡಿಸ್ಕ್‌ಗಳು ಬರುತ್ತಲೇ ಇರುತ್ತವೆ. ಚೆಕ್‌ಡಿಸ್ಕ್ ಇರೋದು ಫೈಲ್‌ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ, ಸರಿಮಾಡಲು, ನಿಮ್ಮ ಫೈಲ್ ಉಳಿಸಲು ಅಲ್ಲ. ತಾಳೆಯಾಗದ್ದನ್ನು ಅದು ಅದೇ ಡಿಸ್ಕ್‌ನ ಮೇಲೆ ತಿದ್ದಿ ಬರೆಯುತ್ತದೆ. ಡಿಸ್ಕೇ ಕೆಡುತ್ತಿರುವಾಗ ಹಾಗೆ ಬರೆದರೆ ಇದ್ದದ್ದೂ ಹೋಗಬಹುದು. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಎಫ್‌ಎಸ್‌ಸಿಕೆಗೂ ಇದೇ ಮಾತು. ಮೊದಲು ಇಡೀ ಡಿಸ್ಕ್‌ನ ನಕಲು. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.

ಅದಕ್ಕೂ ಮುಂಚೆ ಡಿಸ್ಕ್‌ಗೆ ಕಿವಿಗೊಡಿ. ಟಕ್, ಟಕ್ ಅಂತ ಒಂದೇ ಸಮನೆ ಬಡಿಯುತ್ತಿದ್ದರೆ ಡಿಸ್ಕ್ ಓದುವ ಹೆಡ್ ಹೋಗಿರುವ ಸಾಧ್ಯತೆ ಜಾಸ್ತಿ. ತಕ್ಷಣ ಆಫ್ ಮಾಡಿ. ಅದು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬಿನ ಕೆಲಸ, ಮನೆಯಲ್ಲಿ ಮುಚ್ಚಳ ಬಿಚ್ಚಬೇಡಿ. ಫ್ರೀಜರ್‌ನಲ್ಲಿಟ್ಟು ತೆಗೆದರೆ ಓಡುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಆ ತಣ್ಣಗಿನ ಡಿಸ್ಕ್ ಹೊರಗೆ ಬಂದ ಕೂಡಲೇ ನೀರು ಕೂರುತ್ತದೆ. ಖಂಡಿತ ಬೇಡ.

ಸದ್ದು ಮಾಮೂಲಿಯಾಗಿದ್ದರೆ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ. ಡಿಸ್ಕ್ ಐಕಾನ್ ಮೇಲೆ ಕ್ಲಿಕ್ ಮಾಡಿ ತೆರೆಯಬೇಡಿ. ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಿ. 197 ನಂಬರಿನ ಸಾಲು, ಅಂದರೆ ಪೆಂಡಿಂಗ್ ಸೆಕ್ಟರ್, ಸೊನ್ನೆ ಇಲ್ಲದಿದ್ದರೆ ಡಿಸ್ಕ್‌ಗೆ ಕೆಲವು ಜಾಗ ಓದಲು ಆಗುತ್ತಿಲ್ಲ ಅಂತ ಅರ್ಥ. ಆಮೇಲೆ ಕೆಡುತ್ತಿರುವ ಡಿಸ್ಕ್‌ನ ನಕಲು ತೆಗೆಯುವ ಪ್ರೋಗ್ರಾಮ್, ಡಿಡಿರೆಸ್ಕ್ಯೂ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಕಮಾಂಡ್ ಮಾತ್ರ ಡಿಡಿರೆಸ್ಕ್ಯೂ.

ಇದರ ಜಾಣತನ ನನಗೆ ತುಂಬಾ ಇಷ್ಟ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರುವುದಿಲ್ಲ. ಹಾರಿ ಮುಂದೆ ಹೋಗಿ ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಆಮೇಲೆ ವಾಪಸ್ ಬಂದು ಕೆಟ್ಟ ಜಾಗದ ಅಂಚುಗಳನ್ನು ಕೆರೆಯುತ್ತದೆ. ಎಲ್ಲಿ ಏನಾಯಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲಿನ ಹೆಸರನ್ನು ಕಮಾಂಡಿನಲ್ಲಿ ಕೊಡಲೇಬೇಕು, ಅದನ್ನು ಪೆನ್‌ಡ್ರೈವ್‌ನಲ್ಲಲ್ಲ, ನಕಲು ಹೋಗುವ ಡಿಸ್ಕ್‌ನಲ್ಲೇ ಇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅಲ್ವಾ? ಮ್ಯಾಪ್ ಇದ್ದರೆ ಅದೇ ಕಮಾಂಡ್ ಮತ್ತೆ ಕೊಟ್ಟಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಮತ್ತೆ ಆನ್ ಮಾಡಿದಾಗ ಲಿನಕ್ಸ್ ಡಿಸ್ಕ್‌ಗೆ ಕೊಡುವ ಹೆಸರು ಬದಲಾಗಿ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರಬಹುದು. ಪ್ರತಿ ಸಲವೂ ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಿ. ಮೂಲ ಮತ್ತು ನಕಲು ಅದಲುಬದಲಾದರೆ ಎಲ್ಲ ಮುಗಿದಂತೆ.

ನಕಲು ಇಡುವ ಡಿಸ್ಕ್ 2 ಟಿಬಿಗಿಂತ ದೊಡ್ಡದಿರಲಿ, 4 ಟಿಬಿ ಇದ್ದರೆ ನಿರಾಳ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, 4 ಜಿಬಿಗಿಂತ ದೊಡ್ಡ ಫೈಲ್ ಅಲ್ಲಿ ಹಿಡಿಸುವುದಿಲ್ಲ. ಕೆಡುತ್ತಿರುವ ಡಿಸ್ಕ್‌ಗೆ ಟೇಬಲ್ ಫ್ಯಾನ್ ಗಾಳಿ ಬಿಡಿ, ಗಂಟೆಗಟ್ಟಲೆ ಓಡಿದರೆ ಬಿಸಿಯಾಗುತ್ತದೆ.

ನಕಲು ಸಿಕ್ಕ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ಪ್ರೋಗ್ರಾಮ್‌ನಲ್ಲಿ ಅದನ್ನು ತೆರೆದು ಫೋಲ್ಡರ್‌ಗಳು ಕಾಣುತ್ತವಾ ನೋಡಿ. ಕಂಡರೆ ಹೆಸರಿನ ಸಮೇತ ಫೈಲ್ ಬರುತ್ತದೆ. ಕಾಣದಿದ್ದರೆ ಕೊನೆಗೆ ಫೋಟೋರೆಕ್, ಫೋಲ್ಡರ್ ಲೆಕ್ಕ ಬಿಟ್ಟು ಫೈಲ್‌ಗಳನ್ನು ನೇರವಾಗಿ ಹುಡುಕುವ ಪ್ರೋಗ್ರಾಮ್. ಅದರಲ್ಲಿ ಪ್ರಸಂಗದ ಹೆಸರು, ತಾರೀಖು ಎಲ್ಲ ಹೋಗಿ ಬರೀ ನಂಬರ್ ಇರುವ ಫೈಲ್ ಸಿಗುತ್ತದೆ. ರಾತ್ರಿಯಿಡೀ ನಡೆದ ಆಟದ ಉದ್ದುದ್ದ ವಿಡಿಯೋ ಡಿಸ್ಕ್‌ನಲ್ಲಿ ತುಂಡುತುಂಡಾಗಿ ಕೂತಿದ್ದರೆ ಪೂರ್ತಿ ಬರದೇ ಇರಬಹುದು. ಅದಕ್ಕೇ ಟೆಸ್ಟ್‌ಡಿಸ್ಕ್ ಮೊದಲು.

ಸದ್ಯಕ್ಕೆ ಡಿಸ್ಕ್ ಆಫ್ ಮಾಡಿಡಿ. ಸದ್ದು ಹೇಗಿತ್ತು ಅಂತ ಬರೆಯಿರಿ. ಟಕ್ ಟಕ್ ಇರಲಿಲ್ಲ ಅಂದರೆ ಮಾತ್ರ ಮತ್ತೆ ಹಚ್ಚಿ, ಸ್ಮಾರ್ಟ್ ವರದಿಯ 5, 197, 198 ನಂಬರಿನ ಸಾಲುಗಳನ್ನು ಕಳಿಸಿ. ನೋಡಿ ಮುಂದಿನ ಕಮಾಂಡ್ ಹೇಳುತ್ತೇನೆ.