ಓದುಗರ ಸ್ಪಂದನ: ಚಳವಳಿಯಿಂದ ನೌಕರಿಗೆ ಹೋದರೆ ದ್ರೋಹವೇ?

ಕಳೆದ ಸಂಚಿಕೆಯ ಸಮಸ್ಯೆ: ನನಗೀಗ 39. ಹದಿನಾಲ್ಕು ವರ್ಷದಿಂದ ಅಹಿಂಸಾತ್ಮಕ ಚಳವಳಿಯೊಂದರ ಪೂರ್ಣಾವಧಿ ಕಾರ್ಯಕರ್ತ. ಧರಣಿ, ಪಾದಯಾತ್ರೆ, ಬಂಧನ, ಕೋರ್ಟಿನ ವಾಯಿದೆ, ಇದೇ ಬದುಕು. ಅಪ್ಪನ ಕಾಯಿಲೆ, ಮಗಳ ಓದು ಎಲ್ಲವೂ ಹೆಂಡತಿಯೊಬ್ಬಳ ಸಂಬಳದ ಮೇಲೆ ನಿಂತಿದೆ. ನೌಕರಿ ಹುಡುಕುತ್ತೇನೆ ಎಂದಾಗ ಸಂಗಾತಿಗಳು ಮುಖ ತಿರುಗಿಸಿದರು. ಅರ್ಜಿಯಲ್ಲಿ ಈ ಹದಿನಾಲ್ಕು ವರ್ಷಗಳನ್ನು ಏನೆಂದು ಬರೆಯಲಿ? ನಾನು ಮಾಡಹೊರಟಿರುವುದು ದ್ರೋಹವೇ?

ನಾನೂ ಇದೇ ದಾರಿಯಲ್ಲಿ ಬಂದವನು

ನಿಮ್ಮ ಪತ್ರ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಪ್ಪತ್ತೆರಡು ವರ್ಷ ಚಳವಳಿಯಲ್ಲಿದ್ದು, 47ನೇ ವಯಸ್ಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ದ್ರೋಹ ಎಂಬ ಮಾತನ್ನು ನಾನೂ ಕೇಳಿಸಿಕೊಂಡಿದ್ದೇನೆ. ಅದನ್ನು ಆಡಿದ್ದು ನನ್ನ ಅತ್ಯಂತ ಹತ್ತಿರದ ಗೆಳೆಯ. ಜೈಲಿನಲ್ಲಿ ಒಂದೇ ಕಂಬಳಿ ಹೊದ್ದು ಮಲಗಿದವರು ನಾವು.

ಎಚ್.ಎಸ್. ದೊರೆಸ್ವಾಮಿಯವರನ್ನು ನೆನೆಯಿರಿ. 1942ರ ಚಳವಳಿಯಲ್ಲಿ ಸೆರೆಗೆ ಹೋದಾಗ ಅವರು ಮೇಷ್ಟ್ರು. ಹೊರಬಂದ ಮೇಲೆ ಪುಸ್ತಕದಂಗಡಿ ಇಟ್ಟರು, ‘ಪೌರವಾಣಿ’ ಪತ್ರಿಕೆ ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ನೇರವಾಗಿ ಪತ್ರ ಬರೆದು ಮತ್ತೆ ಜೈಲು ಕಂಡರು. ನೂರರ ಹತ್ತಿರದಲ್ಲಿ, ಕೊಡಗಿನ ದಿಡ್ಡಳ್ಳಿಯಲ್ಲಿ ಒಕ್ಕಲೆಬ್ಬಿಸಲಾದ ಆದಿವಾಸಿಗಳ ಪರ ನಿಂತರು. 2021ರಲ್ಲಿ 103ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ದನಿ ಅಡಗಲಿಲ್ಲ. ನಡುವೆ ಅಂಗಡಿ ಇಟ್ಟದ್ದಕ್ಕೆ ಅವರ ಹೋರಾಟ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ದೀರ್ಘ ಹೋರಾಟಕ್ಕೆ ಉಸಿರು ಬೇಕು. ಉಸಿರು ಹಿಡಿದುಕೊಂಡೇ ಇದ್ದವರು ನಡುದಾರಿಯಲ್ಲಿ ಕುಸಿದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಬಿಟ್ಟುಹೋಗುವ ರೀತಿಯಲ್ಲಿ ದ್ರೋಹ ನಡೆಯಬಹುದು. ನನ್ನ ಬಳಿ ಕಂದು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಯಾರ ಮೇಲೆ ಯಾವ ಪ್ರಕರಣ, ಮುಂದಿನ ವಾಯಿದೆ ಯಾವಾಗ, ಜಾಮೀನಿಗೆ ಯಾರು ನಿಲ್ಲುತ್ತಾರೆ, ಬಂಧನವಾದರೆ ಯಾರ ಮನೆಗೆ ಮೊದಲು ಸುದ್ದಿ ಮುಟ್ಟಿಸಬೇಕು, ಯಾರಿಗೆ ಯಾವ ಮಾತ್ರೆ ತಪ್ಪಬಾರದು, ಎಲ್ಲ ಅದರಲ್ಲಿ. ನೌಕರಿಗೆ ಸೇರುವ ಮುಂಚಿನ ಮೂರು ತಿಂಗಳು ಇಬ್ಬರು ಹುಡುಗಿಯರನ್ನು ಜೊತೆಗೆ ಕೂರಿಸಿಕೊಂಡು ಅದರ ಪ್ರತಿ ಪುಟ ವಿವರಿಸಿದೆ. ವಕೀಲರಿಗೆ ಅವರ ಪರಿಚಯ ಮಾಡಿಸಿದೆ. ನೀವೂ ಹಾಗೆ ಮಾಡಿ. ಹೇಳದೆ ಕೇಳದೆ ಫೋನ್ ಆರಿಸಿ ಹೋಗಬೇಡಿ.

ಇನ್ನು ನಿಮ್ಮ ಪ್ರಕರಣಗಳು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವುದಾದರೆ, ಕೇಳಿದ್ದನ್ನು ಮುಚ್ಚಿಡಬೇಡಿ. ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ, ಬಂಧನ, ಶಿಕ್ಷೆ, ಬಾಕಿ ಪ್ರಕರಣಗಳ ಬಗ್ಗೆ ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು ಎಂದಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಉದ್ಯೋಗದಾತರು ತಮ್ಮ ವಿವೇಚನೆಯಿಂದ ಮನ್ನಿಸಬಹುದು ಎಂಬ ಮಾತೂ ಅಲ್ಲಿದೆ. ಅವರು ಮನ್ನಿಸುತ್ತಾರೆಂದು ನಂಬಿ ಕೂರುವುದಕ್ಕಿಂತ ನಾವೇ ಹೇಳುವುದು ಲೇಸು. ಪ್ರಕರಣದ ಸಂಖ್ಯೆ, ಕಲಮು, ಈಗಿನ ಹಂತ, ಖುಲಾಸೆಯಾಗಿದ್ದರೆ ಆದೇಶದ ದೃಢೀಕೃತ ಪ್ರತಿ, ಇವನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ.
— ಮಾಜಿ ಪೂರ್ಣಾವಧಿ ಕಾರ್ಯಕರ್ತ

ಹೆಂಡತಿಯನ್ನು ಕೇಳಿದಿರಾ?

ನಿಮ್ಮ ಪತ್ರದಲ್ಲಿ ಸಂಗಾತಿಗಳ ಮಾತಿದೆ, ಹೆಂಡತಿಯ ಮಾತಿಲ್ಲ. ನನಗೆ ನೋವಾದದ್ದು ಅಲ್ಲಿ. ನಮ್ಮ ಮನೆಯ ಬಾಗಿಲ ಹಿಂದೆ ಹತ್ತೊಂಬತ್ತು ವರ್ಷ ಒಂದು ಬಟ್ಟೆಚೀಲ ನೇತಾಡುತ್ತಿತ್ತು: ಟವೆಲ್, ಬ್ರಷ್, ಒಂದು ಜೊತೆ ಬಟ್ಟೆ. ಯಾವ ಹೊತ್ತಿಗೆ ಪೊಲೀಸರು ಬಂದರೂ ನನ್ನವರು ಅದನ್ನೆತ್ತಿಕೊಂಡು ಹೊರಡುತ್ತಿದ್ದರು. ಆ ಬಟ್ಟೆ ಒಗೆದು ಮಡಿಸಿಡುತ್ತಿದ್ದವಳು ನಾನು. ಅದೂ ಸತ್ಯಾಗ್ರಹವೇ ಎಂದು ಯಾವ ಸಭೆಯಲ್ಲೂ ಯಾರೂ ಹೇಳಲಿಲ್ಲ.

ಸುಂದರಲಾಲ್ ಬಹುಗುಣರನ್ನು ಮದುವೆಯಾಗುವ ಮುಂಚೆ ವಿಮಲಾ ಅವರು ಒಂದು ಷರತ್ತು ಹಾಕಿದ್ದರು. ಪಕ್ಷ ರಾಜಕಾರಣ ಬಿಡಬೇಕು, ಹಳ್ಳಿಯಲ್ಲಿ ನೆಲೆಸಿ ಜನರ ನಡುವೆ ಕೆಲಸ ಮಾಡಬೇಕು ಎಂದು. ಸುಂದರಲಾಲ್ ಒಪ್ಪಿದರು. ಮರಗಳನ್ನು ತಬ್ಬಿ ಉಳಿಸಿದ ಚಿಪ್ಕೊ ಚಳವಳಿ ಎಂದರೆ ನೆನಪಾಗುವ ಆ ಬದುಕಿನ ದಿಕ್ಕನ್ನು ಮನೆಯಾಕೆಯೂ ಸೇರಿ ತೀರ್ಮಾನಿಸಿದ್ದಳು. ಹದಿನಾಲ್ಕು ವರ್ಷ ಎಲ್ಲರ ಅಹವಾಲು ಕೇಳಿದವರು ನೀವು. ಒಂದು ಸಂಜೆ ಹೆಂಡತಿಯೆದುರು ಕೂತು ಅವರದನ್ನೂ ಕೇಳಿ. ಸಮರ್ಥನೆ ಕೊಡಬೇಡಿ, ಕೇಳಿ ಅಷ್ಟೆ.
— ಒಬ್ಬ ಗೃಹಿಣಿ

ಅದು ಖಾಲಿ ಜಾಗವಲ್ಲ

ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ‘ಸಮಾಜಸೇವೆ’ ಎಂದು ಒಂದೇ ಪದ ಬರೆದು ಆ ವರ್ಷಗಳನ್ನು ಮುಗಿಸಬೇಡಿ. ಎಷ್ಟು ಜನರ ಪಾದಯಾತ್ರೆಗೆ ಊಟ, ನೀರು, ದಾರಿ ಹೊಂದಿಸಿದಿರಿ, ಎಷ್ಟು ಮಾಹಿತಿ ಹಕ್ಕು ಅರ್ಜಿ ಬರೆದಿರಿ, ಯಾವ ಮಟ್ಟದ ಅಧಿಕಾರಿಗಳೊಂದಿಗೆ ಮಾತುಕತೆಗೆ ಕೂತಿರಿ, ಚಂದಾ ಹಣದ ಲೆಕ್ಕ ಹೇಗಿಟ್ಟಿರಿ, ಎಲ್ಲ ಬರೆಯಿರಿ. ಸಿಟ್ಟಿಗೆದ್ದ ಗುಂಪು ಕಲ್ಲೆತ್ತದಂತೆ ತಡೆದು ನಿಲ್ಲುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಜೇಮ್ಸ್ ಲಾಸನ್ ನಾಗಪುರದಲ್ಲಿ ಮೂರು ವರ್ಷ ಇದ್ದು ಗಾಂಧೀಜಿಯವರ ದಾರಿಯನ್ನು ಅಭ್ಯಾಸ ಮಾಡಿದವರು. ನ್ಯಾಶ್‌ವಿಲ್‌ನಲ್ಲಿ ವರ್ಣಭೇದದ ವಿರುದ್ಧ ಧರಣಿ ಕೂರುವ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವಾಗ ಅವರಲ್ಲೇ ಕೆಲವರಿಂದ ಬೈಸುತ್ತಿದ್ದರು, ತಳ್ಳಿಸುತ್ತಿದ್ದರು. ತಿರುಗಿ ಕೈ ಎತ್ತದೆ ಕೂತಿರುವುದನ್ನು ಹಾಗೆ ಕಲಿಸಿದರು. ಆ ಧರಣಿಗಳಲ್ಲಿ ತೊಡಗಿದ್ದಕ್ಕೇ 1960ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, ಅಲ್ಲಿ ಓದುತ್ತಿದ್ದ ಅವರನ್ನು ಹೊರಹಾಕಿತು. 2006ರಲ್ಲಿ ಅದೇ ವಿಶ್ವವಿದ್ಯಾಲಯ ಪಾಠ ಹೇಳಲು ಕರೆಸಿಕೊಂಡಿತು. ನಡುವೆ ಅವರು ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ದೀರ್ಘಕಾಲ ಪಾದ್ರಿಯಾಗಿದ್ದರು, ಕಾರ್ಮಿಕರ ಹೋರಾಟಗಳಲ್ಲೂ ಇದ್ದರು.
— ಮಾನವ ಸಂಪನ್ಮೂಲ ಅಧಿಕಾರಿ

ನಿಮ್ಮ ಸಂಗಾತಿಗಳಿಗೆ ಒಂದು ಮಾತು

ಮಣಿಪುರದ ಇರೋಮ್ ಶರ್ಮಿಳಾ ಸೇನೆಯ ವಿಶೇಷಾಧಿಕಾರ ಕಾಯ್ದೆಯ ವಿರುದ್ಧ 16 ವರ್ಷ ಅನ್ನ ಬಿಟ್ಟರು, ಮೂಗಿನ ನಳಿಗೆಯಲ್ಲಿ ಬಲವಂತವಾಗಿ ಕೊಟ್ಟ ಆಹಾರದಲ್ಲಿ ಜೀವ ಉಳಿಯಿತು. 2016ರ ಆಗಸ್ಟ್ 9ರಂದು ಅಂಗೈಗೆ ಬಿದ್ದ ಜೇನು ನೆಕ್ಕಿ ಉಪವಾಸ ಮುಗಿಸಿದರು. ಆ ರಾತ್ರಿ ಹೊರಗೆ ಅವರಿಗೆ ತಂಗಲು ಜಾಗ ಸಿಗದೆ ಆಸ್ಪತ್ರೆಗೇ ಮರಳಬೇಕಾಯಿತು. ಮರುವರ್ಷ ಚುನಾವಣೆಗೆ ನಿಂತಾಗ ಸಿಕ್ಕಿದ್ದು 90 ಮತ. ಅವರನ್ನು ಪ್ರತಿಮೆ ಮಾಡಿ ಪೂಜಿಸಿದವರಿಗೆ, ಅವರು ಮನುಷ್ಯಳಾಗಿ ಬದುಕಬಯಸಿದ್ದು ಸಹಿಸಲಾಗಲಿಲ್ಲ. ನಾನು ಚಳವಳಿಗೆ ಬಂದು ಎರಡು ವರ್ಷವಷ್ಟೇ ಆಗಿದೆ. ನಾಳೆ ನನಗೂ ಸುಸ್ತಾದರೆ ಹೇಳಿಕೊಳ್ಳಲು ಜಾಗವಿರಲಿ ಎಂದು ನಿಮ್ಮ ಸಂಗಾತಿಗಳನ್ನು ಬೇಡಿಕೊಳ್ಳುತ್ತೇನೆ. ಮುಂದಿನ ಧರಣಿಗೆ ರಜೆ ಹಾಕಿ ಬನ್ನಿ ಅಣ್ಣಾ. ನಿಮ್ಮ ಜಾಗ ಹಿಡಿದಿಟ್ಟಿರುತ್ತೇನೆ.
— ವಿದ್ಯಾರ್ಥಿನಿ