ತುಮಕೂರಿಂದ 22 ಜನ ಗೇಮ್ ಅರೀನಾಗೆ ಹೊರಟಿದ್ದೀವಿ, ವಯಸ್ಸಾದವ್ರೂ ಇದಾರೆ, ಏನ್ ಆಡಿಸ್ಬಹುದು?

ಗುಬ್ಬಿಗೇಟ್_ಹುಡುಗ:

ಎಲ್ರಿಗೂ ನಮಸ್ಕಾರ. ನಾನು ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟ್ರಿಲಿ ಪ್ಯಾಕಿಂಗ್ ಸೆಕ್ಷನ್ನಲ್ಲಿದೀನಿ. ಪ್ರತಿ ವರ್ಷ ನಮ್ ಸೆಕ್ಷನ್ನೋರೆಲ್ಲಾ ಒಂದ್ ಭಾನುವಾರ ದೇವರಾಯನದುರ್ಗಕ್ಕೆ ಹೋಗಿ ಹಂಗೇ ನಾಮದ ಚಿಲುಮೆ ನೋಡ್ಕೊಂಡು, ಮನೆಯಿಂದ ತಂದಿದ್ದ ಪುಳಿಯೋಗರೆ ತಿಂದು ಬರ್ತಿದ್ವಿ. ಈ ಸಲ ಹುಡುಗ್ರೆಲ್ಲಾ ಸೇರ್ಕೊಂಡು ಬೆಂಗಳೂರಲ್ಲಿ ಇಂಡೋರ್ ಗೇಮ್ ಅರೀನಾ ಅಂತ ಇರ್ತಾವಲ್ಲ, ಬೌಲಿಂಗು, ಲೇಸರ್ ಟ್ಯಾಗು, ಕಣ್ಣಿಗೆ ಹೆಡ್‌ಸೆಟ್ ಹಾಕ್ಕೊಂಡು ಆಡೋ ವಿಆರ್ ಎಲ್ಲಾ ಒಂದೇ ಕಡೆ, ಅಲ್ಲಿಗೇ ಹೋಗ್ಬೇಕು ಅಂತ ಪಟ್ಟು ಹಿಡಿದಿದಾರೆ. ಒಟ್ಟು 22 ಜನ, ಅದ್ರಲ್ಲಿ ಮೂರು ಮಕ್ಳು, ಕೋರದ ಕಡೆಯಿಂದ ಬರೋ ಇಬ್ರು ಅಕ್ಕಂದ್ರು, ಆಮೇಲೆ ನಮ್ ಸೂಪರ್‌ವೈಸರ್ ಸಾರು. ಸಾರು ಡಿಸೆಂಬರ್‌ಗೆ ರಿಟೈರ್ ಆಗ್ತಾರೆ, ಹಂಗಾಗಿ ಅವ್ರ್ ಜೊತೆ ಇದೇ ಕೊನೇ ಟ್ರಿಪ್ಪು. ಮಂಡಿ ನೋವಿದೆ ಅವ್ರಿಗೆ, ಮಾತೂ ಕಮ್ಮಿ, ನಂಗೆ ಬ್ಯಾಡ ನೀವ್ ಆಡ್ರಪ್ಪ ಅಂದ್ಬಿಟ್ಟು ಒಂದ್ ಮೂಲೇಲಿ ಎಲ್ರ ಬ್ಯಾಗ್ ಕಾಯ್ಕೊಂಡು ಕೂತ್ಬಿಡ್ತಾರೆ ಅನ್ನೋದು ನಂಗಿರೋ ಚಿಂತೆ. ಹದಿಮೂರು ವರ್ಷದಿಂದ ನಮಗೆ ಕೆಲಸ ಹೇಳ್ಕೊಟ್ಟಿರೋ ಮನುಷ್ಯ, ಆವತ್ತು ಅವ್ರೂ ನಗ್ತಾ ಇರ್ಬೇಕು. ಇಂಥಾ ಜಾಗಕ್ಕೆ ಮನೆಯವ್ರನ್ನೋ ಆಫೀಸಿನವ್ರನ್ನೋ ಕರ್ಕೊಂಡು ಹೋಗಿರೋರು ದಯವಿಟ್ಟು ಹೇಳಿ.

ಅಂತರಗಂಗೆ_ಅಕ್ಕ:

ನಾವು ಕೋಲಾರದವ್ರು. ಹೋದ್ ವರ್ಷ ಮಗನ ಹುಟ್ಟಿದಬ್ಬಕ್ಕೆ ಅಂತ ಮನೆಮಂದಿಯೆಲ್ಲಾ ಹೋಗಿದ್ವಿ, ನಮ್ಮತ್ತೆನೂ ಬಂದಿದ್ರು, ನಿಮ್ ಸಾರ್ ಥರಾನೇ ಅವ್ರೂ ನಾನ್ ಕೂತಿರ್ತೀನಿ ಹೋಗ್ರಮ್ಮ ಅಂತ್ಲೇ ಶುರು ಮಾಡಿದ್ದು. ಅಲ್ಲಿ ಒಂದ್ ರೂಮಿತ್ತು, ನೆಲದ ತುಂಬಾ ಚೌಕ ಚೌಕ ಲೈಟು, ಪ್ರತಿ ಚೌಕದ ಕೆಳಗೂ ಸೆನ್ಸರ್ ಇರುತ್ತಂತೆ, ಕಾಲಿಟ್ಟಿದ್ದು ಅದಕ್ಕೆ ಗೊತ್ತಾಗುತ್ತೆ. ನಾವ್ ಆಡಿದ್ರಲ್ಲಿ ಹಸಿರು ಚೌಕ ತುಳೀಬೇಕು, ಕೆಂಪು ತುಳಿದ್ರೆ ಟೀಮಿಗೆ ಒಂದ್ ಲೈಫ್ ಹೋಯ್ತು. ಮಕ್ಳು ಓಡಾಡಿ ಓಡಾಡಿ ಕೆಂಪೇ ತುಳೀತಿದ್ವು. ಅತ್ತೆ ಬಾಗಿಲಲ್ಲಿ ನಿಂತ್ಕೊಂಡು ಒಂದೆರಡ್ ನಿಮಿಷ ನೋಡಿದ್ರು, ಇದು ಕುಂಟೆಬಿಲ್ಲೆ ಕಣೇ ಅಂದ್ರು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ನೆರಿಗೆ ಒಂಚೂರು ಮೇಲೆತ್ತಿ ಹಿಡ್ಕೊಂಡು ಒಳಗೆ ಬಂದೇಬಿಟ್ರು. ಓಡ್ಲೇ ಇಲ್ಲ ಅವ್ರು. ಒಂದ್ ಕಡೆ ನಿಂತು ಹಸಿರು ಎಲ್ಲಿ ಹತ್ತುತ್ತೆ ನೋಡಿ ಲೇ ಎಡಕ್ಕೆ, ಲೇ ಹಿಂದಕ್ಕೆ ಅಂತ ಮೊಮ್ಮಕ್ಳಿಗೆ ಕೂಗಿ ಕೂಗಿ ಹೇಳ್ತಾ, ಪಕ್ಕದಲ್ಲೇ ಹತ್ತಿದ್ರೆ ತಾವೂ ಕಾಲಿಡ್ತಾ ಇದ್ರು. ಮೂರು ಲೆವೆಲ್ ದಾಟಿದ್ವಿ ನಾವು. ಮನೆಗೆ ಬಂದ್ಮೇಲೂ ವಾರಗಟ್ಲೆ ಅದೇ ಮಾತು.

ಅದಕ್ಕೇ ಹೇಳ್ತಿರೋದು, ನಿಮ್ ಸಾರಿಗೂ ಇಂಥಾ ಆಟ ಹುಡುಕಿ, ನಿಂತಲ್ಲೇ ನಿಂತು ಬುದ್ಧಿ ಓಡಿಸೋಕೆ ಜಾಗ ಇರೋದು. ಬನ್ನಿ ಸಾರ್ ಸುಮ್ನೆ ನೋಡಿ ಅನ್ಬೇಡಿ, ಸಾರ್ ನಮ್ ಟೀಮಿಗೆ ಒಬ್ರು ಕಮ್ಮಿ ಇದಾರೆ ಅನ್ನಿ, ಬಂದೇ ಬರ್ತಾರೆ. ಒಂದ್ ಸಲಕ್ಕೆ ಐದಾರು ಜನ ಅಷ್ಟೇ ಬಿಡ್ತಿದ್ರು ನಾವ್ ಹೋದಲ್ಲಿ, 22 ಜನ ಅಂದ್ರೆ ಮೊದ್ಲೇ ಫೋನ್ ಮಾಡಿ ಟೈಮ್ ಹೇಳ್ಕೊಳ್ಳಿ.

ನಂದಿ_ಸೈಕಲ್:

ಚಿಕ್ಕಬಳ್ಳಾಪುರದಿಂದ. ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಬೌಲಿಂಗ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ದೊಡ್ಡ ಗುಂಪಿಗೆ ಅದೇ ಬೆಸ್ಟು, ಒಬ್ರು ಎಸೀತಿದ್ರೆ ಮಿಕ್ಕೋರು ಹಿಂದೆ ಕೂತು ಕೂಗಾಡ್ಬಹುದು, ಸರದಿ ಬಂದಾಗ ಮಾತ್ರ ಎದ್ರೆ ಸಾಕು. ಉದ್ದದ ಲೇನಲ್ಲಿ ಬಾಲ್ ಉರುಳಿಸಿ ಆ ತುದೀಲಿ ನಿಲ್ಸಿರೋ ಹತ್ತು ಪಿನ್ನು ಬೀಳಿಸ್ಬೇಕು, ಒಬ್ರಿಗೆ ಹತ್ತು ಫ್ರೇಮು ಅಂದ್ರೆ ಹತ್ತು ಸರದಿ, ಒಂದ್ ಫ್ರೇಮಲ್ಲಿ ಎರಡು ಎಸೆತ, ಮೊದಲ್ನೇ ಎಸೆತದಲ್ಲೇ ಹತ್ತೂ ಬಿದ್ರೆ ಸ್ಟ್ರೈಕ್, ಎರಡ್ನೇದ್ರಲ್ಲಿ ಮಿಕ್ಕಿದ್ದು ಬಿದ್ರೆ ಸ್ಪೇರ್. ಒಬ್ರಿಗೆ ಹೆಚ್ಚೂಕಮ್ಮಿ ಹತ್ ನಿಮಿಷ ಅಂತ ಲೆಕ್ಕ ಇಟ್ಕೊಳ್ಳಿ, ಆರ್ ಜನ ಒಂದ್ ಲೇನಲ್ಲಿ ಆಡಿದ್ರೆ ಒಂದ್ ಗೇಮಿಗೆ ಒಂದ್ ಗಂಟೆ, ನಿಮಗೆ ನಾಕು ಲೇನ್ ಬೇಕು. ಬಾಲ್ ಮೇಲೆ 6ರಿಂದ 16ರ ತನಕ ನಂಬರ್ ಇರುತ್ತಲ್ಲ ಅದು ಪೌಂಡ್ ತೂಕ, ಹುಡುಗ್ರು ಜಂಬಕ್ಕೆ 14 ಎತ್ಕೊಂಡು ಮಾರನೇ ದಿನ ಮಣಿಕಟ್ಟು ಹಿಡ್ಕೊಂಡು ಓಡಾಡ್ತಾರೆ, 8 ಇಲ್ಲಾ 10 ಸಾಕು ಹೊಸಬರಿಗೆ. ಸಾರಿಗೆ ಮಂಡಿ ನೋವಿದ್ರೆ ಬಗ್ಗೋದೇನೂ ಬೇಡ, ಗೆರೆ ಹತ್ರ ನಿಂತ್ಕೊಂಡೇ ಹಗೂರದ ಬಾಲ್ ಉರುಳಿಸ್ಲಿ, ನಿಧಾನಕ್ಕೆ ಹೋದ್ರೂ ಪಿನ್ ಬೀಳ್ತವೆ. ಮಕ್ಳಿಗಾದ್ರೆ ಪಕ್ಕದ ಗಟರಿಗೆ ಅಡ್ಡ ಕಂಬಿ ಎತ್ತಿ ಕೊಡಿ ಅಂತ ಕೇಳಿ, ಬಾಲ್ ಚರಂಡಿಗೆ ಹೋಗಲ್ಲ. ಸಾಕ್ಸ್ ತಗೊಂಡೋಗಿ, ಶೂ ಅವ್ರೇ ಕೊಡ್ತಾರೆ.

ವಿಆರ್ ಮಾತ್ರ ಹುಷಾರು. ನಮ್ ಭಾವಮೈದ ಹೊಟ್ಟೆ ತುಂಬಾ ಊಟ ಮಾಡ್ಕೊಂಡು ರೋಲರ್ ಕೋಸ್ಟರ್ ಹಾಕಿಸ್ಕೊಂಡ, ಅರ್ಧಕ್ಕೇ ಕಿತ್ತಾಕಿ ಬಾತ್‌ರೂಮಿಗೆ ಓಡ್ದ, ಆಮೇಲೆ ಪೂರ್ತಿ ದಿನ ಮಂಕಾಗಿದ್ದ. ಕಣ್ಣಿಗೆ ಓಡ್ತಿದೀವಿ ಅಂತ ಕಾಣ್ಸುತ್ತೆ, ಒಳಗಿವಿಗೆ ನಿಂತೇ ಇದೀವಿ ಅಂತ ಗೊತ್ತಿರುತ್ತೆ, ಎರಡಕ್ಕೂ ತಾಳ ತಪ್ಪಿದ್ರೆ ತಲೆಸುತ್ತು ವಾಂತಿ. ಬಸ್ಸಲ್ಲಿ ವಾಂತಿ ಆಗೋರು ಯಾರಿದಾರೆ ಕೇಳ್ಕೊಂಡು ಅವ್ರಿಗೆ ಬೇಡವೇ ಬೇಡ.

ನರಸಾಪುರ_ಸೇಫ್ಟಿ:

ನಾನು ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೇಫ್ಟಿ ಕೆಲಸ ಮಾಡೋನು, ಆಟದ ಮಾತಿನ ಮಧ್ಯೆ ಇದನ್ನ ಹೇಳ್ದೆ ಇರೋಕಾಗಲ್ಲ. 2024ರ ಮೇ 25ನೇ ತಾರೀಕು ರಾಜ್‌ಕೋಟ್‌ನಲ್ಲಿ ಒಂದು ಗೇಮ್ ಝೋನ್‌ಗೆ ಬೆಂಕಿ ಬಿದ್ದು ಮಕ್ಳು ಸೇರಿ 25ಕ್ಕೂ ಜಾಸ್ತಿ ಜನ ಸತ್ರು. ಬೇಸಿಗೆ ರಜೆ, ಶನಿವಾರ, ಜನ ತುಂಬಿದ್ರು, ಒಳಗೆ ವೆಲ್ಡಿಂಗ್ ಕೆಲಸ ನಡೀತಿತ್ತು, ಫೈರ್ ಎನ್‌ಒಸಿ, ಅಂದ್ರೆ ಅಗ್ನಿಶಾಮಕದವ್ರ ಒಪ್ಪಿಗೆ ಪತ್ರ, ಇರ್ಲಿಲ್ಲ. ಹೋಗ್ಬೇಡಿ ಅಂತಲ್ಲ ನಾನು ಹೇಳೋದು. ಒಳಗೆ ಕಾಲಿಟ್ಟ ಕೂಡ್ಲೇ ಬಂದ ಬಾಗಿಲು ಬಿಟ್ಟು ಇನ್ನೊಂದು ಬಾಗಿಲು ಎಲ್ಲಿದೆ ನೋಡಿ, ಅದಕ್ಕೆ ಬೀಗ ಜಡಿದಿದಾರಾ, ಮುಂದೆ ಹಳೇ ಕುರ್ಚಿ ಡಬ್ಬ ಪೇರಿಸಿದಾರಾ ನೋಡಿ. ಪೇರಿಸಿದ್ರೆ ತೆಗೆಸಿ ಅನ್ನಿ, ತೆಗೀಲಿಲ್ಲ ಅಂದ್ರೆ ದುಡ್ಡು ಹೋದ್ರೂ ಪರ್ವಾಗಿಲ್ಲ ವಾಪಸ್ ಬನ್ನಿ. ಸೈನ್ ಹಾಕಿ ಅಂತ ಒಂದ್ ಫಾರಂ ಕೊಡ್ತಾರೆ, ಓದಿ ಹಾಕಿ.

ಲೇಸರ್ ಟ್ಯಾಗ್ ಅಂದ್ರೆ ಕೆಲವ್ರು ಕಣ್ಣಿಗೇನಾದ್ರೂ ಆಗುತ್ತಾ ಅಂತ ಕೇಳ್ತಾರೆ, ಗುರಿ ಹೊಡಿಯೋದು ಸಾಮಾನ್ಯವಾಗಿ ಇನ್‌ಫ್ರಾರೆಡ್ಡು, ಟಿವಿ ರಿಮೋಟಲ್ಲಿ ಇರೋದೇ, ಎದುರಿನವ್ರ ಜಾಕೆಟ್ ಮೇಲಿರೋ ಸೆನ್ಸರಿಗೆ ಬಿದ್ರೆ ಔಟು. ನೋಡ್ಕೋಬೇಕಾಗಿರೋದು ಕತ್ತಲು, ಬಿಟ್ಟು ಬಿಟ್ಟು ಮಿಂಚೋ ಲೈಟು, ಹೊಗೆ. ಆಸ್ತಮಾ ಇರೋರು, ಫಿಟ್ಸ್ ಬರೋರು ಹೊರಗಿರ್ಲಿ. ಟ್ರ್ಯಾಂಪೊಲೀನ್ ಇದ್ರೆ ಒಂದ್ ಚೌಕದಲ್ಲಿ ಒಬ್ರೇ ಹಾರ್ಬೇಕು. ನಮ್ ಕಡೆಯವ್ರು ಇಬ್ರು ಒಟ್ಟಿಗೆ ಹಾರಿ, ದಪ್ಪಗಿರೋನು ಕೆಳಗೆ ಬಂದ ಏಟಿಗೆ ಸಣ್ಣ ಹುಡುಗ ಮೇಲಕ್ಕೆ ಚಿಮ್ಮಿ ಅಡ್ಡಾದಿಡ್ಡಿ ಬಿದ್ದು ಪಾದ ಉಳುಕಿ ಮೂರು ವಾರ ರಜೆ ಹಾಕ್ದ.

ಕ್ಯಾತ್ಸಂದ್ರ_ತಟ್ಟೆ:

ಬೆಳಿಗ್ಗೆ ಬೇಗ ಹೊರಡಿ ಅಣ್ಣ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ಕೊಂಡು ಹೊರಟ್ರೆ ಆಡೋ ಹೊತ್ತಿಗೆ ಅರಗಿರುತ್ತೆ, ಒಳಗೆ ಹೊರಗಿನ ತಿಂಡಿ ಬಿಡಲ್ಲ, ಅಲ್ಲಿ ರೇಟೂ ಜಾಸ್ತಿ. ಟಿಟಿ (ಟೆಂಪೋ ಟ್ರಾವೆಲರ್) ಸಿಗ್ಲಿಲ್ಲ ಅಂದ್ರೆ ಟ್ರೈನಲ್ಲಿ ಯಶವಂತಪುರ ಇಳ್ಕೊಂಡು ಅಲ್ಲೇ ಮೆಟ್ರೋ ಹಸಿರು ಲೈನ್ ಹತ್ತಿ. ಇನ್ನೊಂದ್ ಮಾತು, ಕೆಲವು ಕಡೆ ಕಾರ್ಡಿಗೆ ದುಡ್ಡು ತುಂಬಿಸ್ಕೊತಾರೆ, ಮಿಕ್ಕಿದ್ದು ವಾಪಸ್ ಕೊಡಲ್ಲ, ನಮ್ದು ಹಂಗೇ 640 ರೂಪಾಯಿ ಹೋಯ್ತು. ಸ್ವಲ್ಪ ಸ್ವಲ್ಪ ತುಂಬಿಸಿ. ಭಾನುವಾರದ ಬದ್ಲು ವಾರದ ಮಧ್ಯೆ ರಜೆ ಸಿಕ್ರೆ ರೇಟೂ ಕಮ್ಮಿ, ನೂಕುನುಗ್ಗಲೂ ಇರಲ್ಲ.

ಗುಬ್ಬಿಗೇಟ್_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಶಿಫ್ಟ್ ಬದ್ಲಾಗೋದ್ರಿಂದ ಭಾನುವಾರ ಬಿಟ್ಟು ಎಲ್ರೂ ಒಟ್ಟಿಗೆ ಸಿಗಲ್ಲ, ಅದಕ್ಕೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ನಿಲ್ತೀವಿ. ನಾಕು ಲೇನ್ ಬುಕ್ ಮಾಡೋಕೆ ಫೋನ್ ಮಾಡಿದೆ, ಎರಡ್ನೇ ಬಾಗಿಲು ಎಲ್ಲಿದೆ ಅಂತಾನೂ ಕೇಳ್ದೆ, ಫೋಟೋ ಕಳಿಸಿದಾರೆ. ಅಂತರಗಂಗೆ ಅಕ್ಕಾ, ಇವತ್ತು ಟೀ ಟೈಮಲ್ಲಿ ನಿಮ್ಮತ್ತೆ ಕಥೆ ಸಾರ್ ಮುಂದೆ ಹೇಳ್ದೆ. ಲೋಟ ಕೆಳಗಿಟ್ಟು, ನಮ್ಮೂರಲ್ಲಿ ಬುಗುರಿಲಿ ನನ್ನ ಸೋಲಿಸೋರು ಯಾರೂ ಇರ್ಲಿಲ್ಲ ಗೊತ್ತಾ ಅಂದ್ರು. ಇಷ್ಟು ವರ್ಷದಲ್ಲಿ ಅವ್ರು ಚಿಕ್ಕ ವಯಸ್ಸಿನ ಮಾತು ಆಡಿದ್ದು ಇದೇ ಫಸ್ಟು. ಲೈಟ್ ನೆಲದ ಆಟಕ್ಕೆ ಅವ್ರೇ ಕ್ಯಾಪ್ಟನ್ನು ಅಂತ ಬರ್ದಿಟ್ಟಿದೀನಿ. ಬ್ಯಾಗ್ ಕಾಯೋದು ಹದಿನೈದು ನಿಮಿಷಕ್ಕೆ ಒಬ್ರಂತೆ ಸರದಿ, ಪಟ್ಟಿಲಿ ಮೊದಲ್ನೇ ಹೆಸ್ರು ನಂದು, ಸಾರ್ ಹೆಸ್ರು ಆ ಪಟ್ಟಿಲೇ ಇಲ್ಲ.