ನದಿ ಕಣಿವೆ ನಾಗರಿಕತೆಗಳ ಲಕ್ಷಣಗಳು: ನಾಲ್ಕಕ್ಕೂ ಒಂದೇ ಪಟ್ಟಿ ಹೊಂದುತ್ತದೆಯೇ?

ಮೆಕ್ಕಲು:
ನೀರಾವರಿ, ಹೆಚ್ಚುವರಿ ಧಾನ್ಯ, ನಗರ, ಲಿಪಿ, ವರ್ಗಭೇದ, ಅರಸೊತ್ತಿಗೆ. ಯಾವ ಪಠ್ಯ ತೆರೆದರೂ ಇದೇ ಪಟ್ಟಿ. ಮೆಸೊಪೊಟೇಮಿಯಾ, ಈಜಿಪ್ಟ್, ಸಿಂಧೂ, ಚೀನಾ ನಾಲ್ಕಕ್ಕೂ ಇದನ್ನೇ ಬರೆದರೆ ಸರಿಯಾಗುತ್ತದೆಯೇ? ಸಿಂಧೂ ನಗರಗಳಲ್ಲಿ ಅರಮನೆ ಅಂತ ಖಚಿತವಾಗಿ ಹೇಳುವಂಥದ್ದೇ ಸಿಕ್ಕಿಲ್ಲವಲ್ಲ.

ಬಸಿಗಾಲುವೆ:
ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಮೊದಲ ನಗರಗಳಿಗೆ 1950ರಲ್ಲಿ ಕೊಟ್ಟ ಹತ್ತು ಲಕ್ಷಣಗಳೇ ಸೋಸಿಕೊಂಡು ಈ ಪಟ್ಟಿಯಾಗಿವೆ. ಕಂಠಪಾಠ ಮಾಡುವ ಬದಲು ನೆರೆ ಯಾವ ತಿಂಗಳಲ್ಲಿ ಬರುತ್ತಿತ್ತು ಅಂತ ಮೊದಲು ನೋಡಿ.

ನೈಲ್ ತುಂಬಿ ಹರಿಯುತ್ತಿದ್ದದ್ದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಅಕ್ಟೋಬರ್–ನವೆಂಬರಿಗೆ ನೀರು ಇಳಿದರೆ ಹಸಿ ಮೆಕ್ಕಲಿನಲ್ಲೇ ಗೋಧಿ, ಬಾರ್ಲಿ ಬಿತ್ತನೆ. ಮುಂದಿನ ನೆರೆಯೊಳಗೆ ಕೊಯ್ಲು ಮುಗಿದಿರುತ್ತಿತ್ತು. ಮೆಸೊಪೊಟೇಮಿಯಾದ ಟೈಗ್ರಿಸ್, ಯೂಫ್ರೆಟಿಸ್‌ಗಳದ್ದು ತದ್ವಿರುದ್ಧ. ಬೆಟ್ಟದ ಹಿಮ ಕರಗಿ ಏಪ್ರಿಲ್–ಮೇನಲ್ಲಿ ನೆರೆ, ಅದೂ ಪೈರು ಕೊಯ್ಲಿಗೆ ನಿಂತಾಗ. ಬಿತ್ತನೆಯ ಹೊತ್ತಿಗೆ ನದಿಯಲ್ಲಿ ನೀರೇ ಕಡಿಮೆ. ಹಾಗಾಗಿ ನೆರೆಗೆ ಒಡ್ಡು ಬೇಕು, ಬಿತ್ತನೆಗೆ ಕಾಲುವೆ ಬೇಕು. ಹೂಳೆತ್ತುವುದು ತಪ್ಪಿತೋ, ಕಾಲುವೆಯ ತಳ ಏರಿ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

ಇನ್ನೊಂದು ಕಾಟ ಸವಳು. ನೀರು ಹಾಯಿಸುತ್ತಲೇ ಹೋಗಿ ಬಸಿಯಲು ದಾರಿ ಬಿಡದಿದ್ದರೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಬೇರಿನ ಮಟ್ಟದಲ್ಲೇ ಉಳಿಯುತ್ತದೆ. ಗೋಧಿಗಿಂತ ಬಾರ್ಲಿ ಉಪ್ಪು ತಡೆಯುವುದರಿಂದ ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಬಾರ್ಲಿಯದೇ ಕಾರುಬಾರು. ಈಜಿಪ್ಟಿನಲ್ಲಿ ವರ್ಷಕ್ಕೊಮ್ಮೆ ನೆರೆಯೇ ಉಪ್ಪು ತೊಳೆದುಬಿಡುತ್ತಿತ್ತು.

ಸುಟ್ಟಿಟ್ಟಿಗೆ:
ಒಪ್ಪಿದೆ. ಆದರೆ ಇಲ್ಲಿಂದ "ಕಾಲುವೆಗಾಗಿಯೇ ರಾಜ ಹುಟ್ಟಿದ" ಅನ್ನುವಲ್ಲಿಗೆ ಜಿಗಿಯಬೇಡಿ. ಮೊದಲ ಕಾಲುವೆಗಳು ಚಿಕ್ಕವು, ಊರಿನವರೇ ನೋಡಿಕೊಳ್ಳುವಂಥವು; ದೊಡ್ಡ ಕಾಲುವೆ ಜಾಲಗಳು ಬಂದದ್ದು ನಗರಗಳು ಬೆಳೆದ ಮೇಲೆ. ದಕ್ಷಿಣ ಮೆಸೊಪೊಟೇಮಿಯಾದ ಉರುಕ್ ನಗರದಲ್ಲಿ ಸಿಕ್ಕ ಕ್ರಿ.ಪೂ. 3300ರ ಆಸುಪಾಸಿನ ಮಣ್ಣಿನ ಹಲಗೆಗಳಲ್ಲೂ ಬಹುಪಾಲು ಇರುವುದು ಧಾನ್ಯ, ಕುರಿ, ಆಳುಗಳ ಪಡಿಯ ಲೆಕ್ಕ. ರಾಜರ ಪ್ರತಾಪವಲ್ಲ.

ಅರಮನೆ ಇಲ್ಲದಿದ್ದರೂ ಸಿಂಧೂವಿನಲ್ಲಿ ಅಳತೆಯ ಶಿಸ್ತು ಬಲವಾಗಿದೆ. ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4. ಮನೆಗಳ ಇಟ್ಟಿಗೆ ಸುಮಾರು 7×14×28 ಸೆಂ.ಮೀ. ತೂಕದ ಕಲ್ಲುಗಳು ಚಕಮಕಿ ಜಾತಿಯ ಘನಾಕೃತಿಗಳು, 1, 2, 4, 8, 16 ಹೀಗೆ ಇಮ್ಮಡಿಸುತ್ತವೆ. ಮೊದಲನೆಯದರ 16 ಪಟ್ಟಿನ ಕಲ್ಲು ಸುಮಾರು 13.7 ಗ್ರಾಂ. ಮೊಹೆಂಜೊದಾರೊದ ಬಾವಿಗಳ ಇಟ್ಟಿಗೆ ಒಳಮುಖಕ್ಕೆ ಕಿರಿದು, ಹೊರಗೆ ಅಗಲ. ಸುತ್ತಲಿನ ಮಣ್ಣು ಒತ್ತಿದಷ್ಟೂ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯುತ್ತವೆ, ಒಳಕ್ಕೆ ಜಾರುವುದಿಲ್ಲ. ಚರಂಡಿಯಲ್ಲಿ ಅಲ್ಲಲ್ಲಿ ಕಸ ತಂಗುವ ಗುಂಡಿಗಳಿವೆ. ಅವನ್ನು ಬಾಚದೆ ಬಿಟ್ಟರೆ ಇಡೀ ಸಾಲು ಕಟ್ಟಿಕೊಳ್ಳುತ್ತದೆ. ಅಂದರೆ ಬಾಚಿಸುವ ವ್ಯವಸ್ಥೆಯೊಂದು ಇದ್ದಿರಲೇಬೇಕು. ಅದು ರಾಜನದೋ, ವರ್ತಕರದೋ, ಬೀದಿಯವರದೋ ಎಂಬುದು ಬೇರೆ ಚರ್ಚೆ. ಸಿಂಧೂ ಲಿಪಿ ಓದಲಾಗುವ ತನಕ ಅದು ಮುಗಿಯುವುದೂ ಇಲ್ಲ.

ಮೆಕ್ಕಲು:
ಚೀನಾ?

ಬಸಿಗಾಲುವೆ:
ಅಲ್ಲಿ "ನೀರಾವರಿ"ಯನ್ನೇ ಪಟ್ಟಿಯ ತಲೆಯಿಂದ ಕೆಳಗಿಳಿಸಿ. ಹ್ವಾಂಗ್ ಹೋ ಬಯಲಿನ ಮುಖ್ಯ ಬೆಳೆ ನವಣೆಯಂಥ ಕಿರುಧಾನ್ಯ, ಹೆಚ್ಚಾಗಿ ಮಳೆ ನಂಬಿದ್ದು. ಲಿಪಿಯ ದಾರಿಯೂ ಬೇರೆ: ಉತ್ತರ ಚೀನಾದ ಆನ್ಯಾಂಗ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 1250ರಿಂದ ಈಚೆಗಿನ ಎತ್ತಿನ ಹೆಗಲೆಲುಬು, ಆಮೆಚಿಪ್ಪುಗಳ ಮೇಲೆ ಇರುವುದು ಕಣಿ ಕೇಳಿದ ಪ್ರಶ್ನೆಗಳು. ಮಳೆ ಬಂದೀತೇ, ಯುದ್ಧಕ್ಕೆ ಹೊರಡಬಹುದೇ ಅಂತ ರಾಜನ ಪರವಾಗಿ ಕೇಳಿದವು.